ಸಹಾಯ ಬೇಕು: ಪೋರ್ಟೊ ರಿಕೊದ ಏಡಿ ಮತ್ತು ಚಿಪ್ಪುಗಳ ಪದರಗಳ ಕುರಿತು

ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಮೂಲನಿವಾಸಿಗಳ ಹಳೆಯ ತಿಪ್ಪೆಗಳಲ್ಲಿ ಸಿಕ್ಕಿರುವ ಪ್ರಾಣಿ ಅವಶೇಷಗಳ ಬಗ್ಗೆ ಲೇಖನ ಬರೆಯುತ್ತಿದ್ದು, ತಿಳಿದವರ ನೆರವು ಕೋರುತ್ತಿದ್ದೇನೆ. 1930ರ ದಶಕದಲ್ಲಿ ಅಮೆರಿಕದ ಪುರಾತತ್ತ್ವಜ್ಞ ಫ್ರೋಲಿಕ್ ರೇನಿ ಅಲ್ಲಿ ಉತ್ಖನನ ನಡೆಸಿದಾಗ, ಕೆಳಪದರಗಳಲ್ಲಿ ನೆಲದ ಏಡಿಗಳ ಓಡುಗಳೂ ಮೇಲ್ಪದರಗಳಲ್ಲಿ ಸಮುದ್ರದ ಚಿಪ್ಪುಗಳೂ ಹೆಚ್ಚಾಗಿ ದೊರೆತವು. ಏಡಿಗಳನ್ನು ಅತಿಯಾಗಿ ಹಿಡಿದದ್ದೇ ಇದಕ್ಕೆ ಕಾರಣವೆಂದು ಕೆಲವರೂ, ಹವಾಮಾನದ ಬದಲಾವಣೆಯೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಆದರೆ ಮೊದಲು, ಅಗೆದ ಮಣ್ಣನ್ನು ಸೋಸಲು ಬಳಸಿದ ಜರಡಿಯ ಕಣ್ಣಿನ ಗಾತ್ರವನ್ನು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ದೊಡ್ಡ ಕಣ್ಣಿನ ಜರಡಿಯಲ್ಲಿ ಸಣ್ಣ ಮೀನುಗಳ ಮೂಳೆಗಳು ಸೋರಿಹೋಗಿ, ಆ ಜನರು ಏನು ತಿನ್ನುತ್ತಿದ್ದರೆಂಬ ಲೆಕ್ಕವೇ ತಪ್ಪುತ್ತದೆ. ಬೇರೆ ಬೇರೆ ಜರಡಿಗಳಿಂದ ಬಂದ ಸಂಗ್ರಹಗಳನ್ನು ಹೋಲಿಸುವ ಕ್ರಮವನ್ನೂ, ಭಾರವಾದ ಚಿಪ್ಪು ಮತ್ತು ಹಗುರವಾದ ಏಡಿ ಓಡುಗಳಿಂದ ಮಾಂಸದ ಪ್ರಮಾಣವನ್ನು ಅಂದಾಜಿಸುವ ವಿಧಾನವನ್ನೂ ಪುರಾತತ್ತ್ವ ಅಥವಾ ಪ್ರಾಣಿಶಾಸ್ತ್ರ ಬಲ್ಲವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.