ಜಿಯೋಲೈಟ್ ಒಳಗೆ ತಾಮ್ರ ಕೂತೇ ಇಲ್ವಾ? ಎಕ್ಸ್‌ರೇ ಗ್ರಾಫ್ ನೋಡಿ ತಲೆ ಕೆಟ್ಟಿದೆ

ಕುಮಟೆಯವಳು

ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ ನಡೀತಿದೆ. ಸದ್ಯ ಕುಮಟೆಯ ಮನೆಯಲ್ಲಿದ್ದೇನೆ. ಮೂರು ದಿನದಿಂದ ಒಂದೇ ಸಮ ಮಳೆ. ಕರೆಂಟು ಬಂದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನನ್ನ ಪುಡಿ ಎಸ್‌ಎಸ್‌ಝೆಡ್-13 ಎಂಬ ಜಿಯೋಲೈಟ್. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಕಟ್ಟಿದ ಗೂಡು, ಅದರ ಕಿಟಕಿ 3.8 ಆಂಗ್‌ಸ್ಟ್ರಾಂ ಅಗಲ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ತಾಮ್ರದ ನೈಟ್ರೇಟ್ ನೀರಿನಲ್ಲಿ ರಾತ್ರಿಯಿಡೀ ಕಲಕಿದೆ. ಆಮೇಲೆ ತೊಳೆದು, ಒಣಗಿಸಿ, 550 ಡಿಗ್ರಿಯಲ್ಲಿ ಸುಟ್ಟೆ. ತಾಮ್ರ ತೂಕದಲ್ಲಿ ಶೇ 2.5ರಷ್ಟು ಬಂತು. ಜಿಪ್ ಕವರಿಗೆ ತುಂಬಿಕೊಂಡು ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್‌ಗೆ (ಪ್ರಖರ ಎಕ್ಸ್‌ರೇ ಕೊಡುವ ಯಂತ್ರ) ಹೋಗಿ, ಗುಳಿಗೆ ಒತ್ತಿ, ಟೇಪ್ ಹಚ್ಚಿ, ಗಾಳಿಯಲ್ಲೇ ಅಳೆದೆ.

ಈಗ ನೋಡಿದರೆ ನನ್ನ ಝೇನ್ಸ್ ಗೆರೆ (ತಾಮ್ರ ಎಕ್ಸ್‌ರೇ ಹೀರತೊಡಗುವ ಅಂಚಿನ ಗ್ರಾಫ್), ತಾಮ್ರದ ನೈಟ್ರೇಟನ್ನು ನೀರಿಗೆ ಹಾಕಿದಾಗ ಬರುವ ಗೆರೆ, ಎರಡೂ ಒಂದರ ಮೇಲೊಂದು ಕೂರುತ್ತವೆ. ಎಕ್ಸಾಫ್ಸ್‌ನಲ್ಲಿ (ಆ ಅಂಚಿನಾಚೆಯ ಏರಿಳಿತದಿಂದ ನೆರೆಯ ಪರಮಾಣುಗಳ ದೂರ ತಿಳಿಸುವ ಭಾಗ) ಮೊದಲ ಶಿಖರ ಬಿಟ್ಟರೆ ಮುಂದೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆ ಮೊದಲ ಶಿಖರವೂ 1.5 ಆಂಗ್‌ಸ್ಟ್ರಾಂ ಹತ್ತಿರ ಇದೆ. ತಾಮ್ರ-ಆಮ್ಲಜನಕದ ಬಂಧ ಅಷ್ಟು ಗಿಡ್ಡ ಇರುತ್ತಾ? ತಾಮ್ರ ಒಳಗೆ ಹೋಗದೆ ಉಪ್ಪಾಗಿ ಹೊರಗೇ ಅಂಟಿಕೊಂಡಿದೆಯಾ? ಸೋಮವಾರ ಗೈಡ್‌ಗೆ ಉತ್ತರ ಕೊಡಬೇಕು.

ಅಂಕೋಲೆ ಮೂಲದವ

ಗಾಬರಿ ಬೇಡ. ತಾಮ್ರ ಒಳಗೇ ಇದೆ, ನೀವು ಅಳೆದದ್ದು ಮಾತ್ರ ಬೇರೆ.

ಮೊದಲು ಆ 1.5ರ ವಿಷಯ. ಅದು ಬಂಧದ ಉದ್ದ ಅಲ್ಲ. ಏರಿಳಿತವನ್ನು ದೂರಕ್ಕೆ ಬದಲಿಸುವ ಫೂರಿಯೇ ಪರಿವರ್ತನೆಯಲ್ಲಿ ಫೇಸ್ (ಅಲೆಯ ಹಂತ) ತಿದ್ದುಪಡಿ ಮಾಡದಿದ್ದರೆ ಶಿಖರಗಳು 0.4, 0.5 ಆಂಗ್‌ಸ್ಟ್ರಾಂ ಹಿಂದಕ್ಕೆ ಸರಿದು ಕಾಣುತ್ತವೆ. ಲೆಕ್ಕದ ಮಾದರಿಗೆ ಫಿಟ್ ಮಾಡಿ, 1.95ರ ಆಸುಪಾಸು ಬರುತ್ತದೆ. ನಾನೂ ಮೊದಲ ಸೆಮಿನಾರಿನಲ್ಲಿ ಇದೇ ತಪ್ಪು ಮಾಡಿ ಎಲ್ಲರೆದುರು ನಗೆಪಾಟಲಾಗಿದ್ದೆ.

ಇನ್ನು ಉಪ್ಪಿನ ಅನುಮಾನ. 550 ಡಿಗ್ರಿಯಲ್ಲಿ ಸುಟ್ಟ ಮೇಲೆ ನೈಟ್ರೇಟ್ ಉಳಿಯುವುದೇ ಇಲ್ಲ. ತಾಮ್ರ ಹೊರಗೆ ಉಳಿದಿದ್ದರೆ ತಾಮ್ರದ ಆಕ್ಸೈಡ್ ಆಗಿರಬೇಕಿತ್ತು. ಆಗ 2.9 ಆಂಗ್‌ಸ್ಟ್ರಾಂ ದೂರದ ತಾಮ್ರ-ತಾಮ್ರ ಜೋಡಿಗಳು ಎರಡನೇ ಶಿಖರದಲ್ಲಿ ಎದ್ದು ಕಾಣುತ್ತಿದ್ದವು, ಝೇನ್ಸ್ ಆಕಾರವೂ ಬೇರೆಯೇ ಇರುತ್ತಿತ್ತು. ನಿಮ್ಮ ಗೆರೆಯಲ್ಲಿ ಅದಿಲ್ಲ. ಅಂದರೆ ನೀವು ಬೇಜಾರು ಮಾಡಿಕೊಂಡ ವಿಷಯವೇ ಖುಷಿಯ ಸುದ್ದಿ.

ಹಾಗಾದರೆ ಅದು ನೀರಿನಲ್ಲಿ ಕರಗಿದ ತಾಮ್ರದಂತೆ ಯಾಕೆ ಕಾಣುತ್ತಿದೆ? ಯಾಕೆಂದರೆ ಅದು ನಿಜಕ್ಕೂ ನೀರಿನಲ್ಲೇ ಇದೆ! ಸಾಣಿಕಟ್ಟಾ ಉಪ್ಪು ಆಷಾಢದಲ್ಲಿ ಭರಣಿಯೊಳಗೇ ನೀರಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಜಿಯೋಲೈಟ್‌ಗೆ ಅಷ್ಟು ಮಳೆಯೂ ಬೇಡ. ಕುಲುಮೆಯಿಂದ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಗಾಳಿಯ ತೇವ ಎಳೆದುಕೊಂಡು ಗೂಡು ತುಂಬಿಸಿಕೊಳ್ಳುತ್ತದೆ. ಆಗ ತಾಮ್ರದ ಅಯಾನು ಗೋಡೆ ಬಿಟ್ಟು, ಸುತ್ತ ನೀರಿನ ಅಣು ಕಟ್ಟಿಕೊಂಡು ಗೂಡಿನ ನಡುವೆ ತೇಲುತ್ತದೆ. ಗಾಳಿಯಲ್ಲಿ ಅಳೆದರೆ ಯಾರ ಸ್ಯಾಂಪಲ್ ಆದರೂ ಹೀಗೇ ಕಾಣುತ್ತದೆ. ತಾಮ್ರ ಕೂತ ಜಾಗ ನೋಡಬೇಕಾದರೆ, ಬಿಸಿ ಮಾಡುವ ಸೆಲ್‌ನಲ್ಲಿಟ್ಟು 400 ಡಿಗ್ರಿ ಹತ್ತಿರ ಒಣಗಿಸಿ, ಗಾಳಿ ಸೋಕದಂತೆ ಅಲ್ಲೇ ಅಳೆಯಬೇಕು.

ಹಾಗೆ ಅಳೆದರೂ ಒಂದು ತೊಡಕಿದೆ. ಗೂಡಿನ ಗೋಡೆಯಲ್ಲಿ ಆರು ಸಿಲಿಕಾನ್/ಅಲ್ಯೂಮಿನಿಯಂ ಸೇರಿದ ಉಂಗುರ ಇದೆ, ಎಂಟರದ್ದೂ ಇದೆ. ಆರರ ಉಂಗುರದಲ್ಲಿ ಎರಡು ಅಲ್ಯೂಮಿನಿಯಂ ಇದ್ದರೆ ತಾಮ್ರ ಒಂಟಿಯಾಗಿ ಕೂರುತ್ತದೆ. ಎಂಟರ ಉಂಗುರದ ಪಕ್ಕ ಒಂದೇ ಅಲ್ಯೂಮಿನಿಯಂ ಇದ್ದರೆ ಒಂದು ಓಎಚ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ಜೊತೆ ಇಟ್ಟುಕೊಂಡು ಕೂರುತ್ತದೆ. ನಿಮಗೆ ಸಿಗುವ ಗೆರೆ ಇವೆರಡರ ಬೆರಕೆ. ಫಿಟ್ಟಿನಲ್ಲಿ 3.4 ನೆರೆಯವರು (ತಾಮ್ರಕ್ಕೆ ಅಂಟಿದ ಪರಮಾಣುಗಳು) ಅಂತ ಬಂದರೆ, 3.4 ನೆರೆಯವರಿರುವ ತಾಮ್ರ ಎಲ್ಲೂ ಇಲ್ಲ, ಅದು ಸರಾಸರಿ. ಆ ಸಂಖ್ಯೆಯಲ್ಲೂ ಶೇ 10ರಿಂದ 20ರಷ್ಟು ತಪ್ಪು ಇದ್ದೇ ಇರುತ್ತದೆ. ಸಿಲಿಕಾನ್, ಅಲ್ಯೂಮಿನಿಯಂ ಎರಡನ್ನೂ ಎಕ್ಸಾಫ್ಸ್ ಬೇರೆ ಮಾಡಲಾರದು, ಆವರ್ತ ಕೋಷ್ಟಕದಲ್ಲಿ ಅಕ್ಕಪಕ್ಕದವು ಅಲ್ವಾ.

ಶಿರಸಿ ತೋಟದವ

ನಾನು ಎಂಎಸ್‌ಸಿ ಮುಗಿಸಿ ಅಡಿಕೆಗೆ ಬಂದವ, ಸಿಂಕ್ರೋಟ್ರಾನ್ ನೋಡಿಲ್ಲ. ಆದರೆ ಈ ನೀರಿನ ಆಟ ನಮಗೆ ಹೊಸದಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತದ (ತಾಮ್ರದ ಸಲ್ಫೇಟ್) ಒಂದು ಹರಳನ್ನು ಹಳೆ ಚಮಚದಲ್ಲಿಟ್ಟು ಒಲೆಯ ಮೇಲೆ ಹಿಡಿಯಿರಿ. ನೀಲಿ ಹೋಗಿ ಬೂದಿಯಂತೆ ಬೆಳ್ಳಗಾಗುತ್ತದೆ. ಒಂದು ಹನಿ ನೀರು ಬಿಡಿ, ಚುಂಯ್ ಅಂತ ಮತ್ತೆ ನೀಲಿ. ತಾಮ್ರ ಅದೇ, ಸುತ್ತಲಿನ ನೀರು ಮಾತ್ರ ಬಂದು ಹೋಯಿತು. ನಿಮ್ಮ ಪುಡಿ ತಿಳಿ ನೀಲಿ ಇತ್ತಾ? ಇದ್ದರೆ ಇಂದೋರಿಗೆ ಹೋಗುವ ಮೊದಲೇ ಅದು ಉತ್ತರ ಹೇಳಿತ್ತು. (ಆ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ನಮ್ಮ ಮನೆಯಲ್ಲಿ ಇದಕ್ಕೇ ಜಗಳ ಆಗಿದೆ.)

ಘಟ್ಟದ ಲಾರಿ

ಸುಮ್ನೆ ಓದುತ್ತಿದ್ದೆ, ಅರ್ಧ ತಲೆಗೆ ಹೋಗಲಿಲ್ಲ. ಈ ಪುಡಿ ನಮ್ಮ ಬಿಎಸ್-6 ಗಾಡಿಗಳ ಸೈಲೆನ್ಸರ್ ಕಡೆ ಇರುವುದೇನಾ? ಯೂರಿಯಾ ನೀರು ಕುಡಿಸಿ ಕುಡಿಸಿ ಸಾಕಾಗಿದೆ.

ಅಂಕೋಲೆ ಮೂಲದವ

ಹೌದು, ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಇದೇ ಜಾತಿಯದು. ನೀವು ಹಾಕುವುದು ಶೇ 32.5ರ ಯೂರಿಯಾ. ಬಿಸಿಗೆ ಅದು ಅಮೋನಿಯಾ ಆಗುತ್ತದೆ. ಹೊಗೆಯ ನೈಟ್ರೋಜನ್ ಆಕ್ಸೈಡನ್ನು ಆ ಅಮೋನಿಯಾ ತಾಮ್ರದ ಮೇಲೆ ಸಾರಜನಕ ಮತ್ತು ನೀರು ಮಾಡುತ್ತದೆ. ಅರಬೈಲ್ ಘಟ್ಟ ಹತ್ತುವಾಗ ಚೆನ್ನಾಗಿ ಬಿಸಿಯಿರುತ್ತದೆ, ಕೆಲಸ ಸಲೀಸು. ಪೇಟೆಯಲ್ಲಿ ನಿಂತು ನಿಂತು ಹೋಗುವಾಗಲೇ ಕಷ್ಟ.

ಕುಮಟೆಯವರಿಗೂ ಇದು ಬೇಕು. 200 ಡಿಗ್ರಿ ಸುಮಾರಿಗೆ ಅಮೋನಿಯಾ ಇದ್ದರೆ ತಾಮ್ರ ಮತ್ತೆ ಗೋಡೆ ಬಿಡುತ್ತದೆ. ಈ ಸಲ ಎರಡು ಅಮೋನಿಯಾ ಹಿಡಿದುಕೊಂಡು ಓಡಾಡುತ್ತದೆ. ಹೀಗೆ ಓಡಾಡುವ ಎರಡು ತಾಮ್ರ ಒಂದೇ ಗೂಡಿನಲ್ಲಿ ಭೇಟಿಯಾಗಿ ಆಮ್ಲಜನಕ ಹಿಡಿಯುತ್ತವೆ ಎಂದು 2017ರಲ್ಲಿ ಎಕ್ಸ್‌ರೇ ಮತ್ತು ಲೆಕ್ಕಾಚಾರ ಎರಡನ್ನೂ ಸೇರಿಸಿ ತೋರಿಸಿದರು. ನೀರು ಕಂಡರೆ ಕೆಟ್ಟ ಸ್ಯಾಂಪಲ್, ಒಣಗಿದ್ದರೆ ಒಳ್ಳೇದು ಅಂತ ಗೈಡ್ ಮುಂದೆ ಹೇಳಿಬಿಡಬೇಡಿ. ಕೆಲಸದ ಹೊತ್ತಿಗೆ ತಾಮ್ರ ಎಲ್ಲಿರುತ್ತದೆ ಅನ್ನುವುದೇ ಪ್ರಶ್ನೆ. ಅಲ್ಲೂ ಎಕ್ಸಾಫ್ಸ್‌ಗೆ ಸಾರಜನಕ ಯಾವುದು, ಆಮ್ಲಜನಕ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಎಕ್ಸ್‌ರೇ ಎಮಿಷನ್ (ತಾಮ್ರ ತಿರುಗಿ ಹೊರಬಿಡುವ ಎಕ್ಸ್‌ರೇಯ ಅಳತೆ) ಬೇಕು.

ಕುಮಟೆಯವಳು

ಅಯ್ಯೋ, ಪುಡಿ ತಿಳಿ ನೀಲಿಯೇ ಇತ್ತು! ಚೆಂದ ಅಂತ ಫೋಟೋ ಬೇರೆ ತೆಗೆದಿದ್ದೆ. ಫಿಟ್ ಮಾಡಿ ನೋಡಿದೆ, 1.95 ಬಂತು. ಮುಂದಿನ ಸಲಕ್ಕೆ ಬಿಸಿ ಮಾಡುವ ಸೆಲ್ ಕೇಳಿ ಅರ್ಜಿ ಬರೆಯುತ್ತಿದ್ದೇನೆ. ಒಣಗಿಸಲು ಬರೀ ಹೀಲಿಯಂ ಸಾಕಾ?

ಅಂಕೋಲೆ ಮೂಲದವ

ಹೀಲಿಯಂನಲ್ಲಿ ಬಿಸಿ ಮಾಡಿದರೆ ಒಂದಷ್ಟು ತಾಮ್ರ ತಾನಾಗಿಯೇ ಒಂದು ಎಲೆಕ್ಟ್ರಾನ್ ಪಡೆದು +2 ಅಯಾನಿನಿಂದ +1 ಆಗುತ್ತದೆ, 8983 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಚೂಪು ಶಿಖರ ಏಳುತ್ತದೆ. +2 ನೋಡಬೇಕಾದರೆ ಆಮ್ಲಜನಕ ಬೆರೆಸಿ. ಕಿರಣವೂ ತಾಮ್ರವನ್ನು +1 ಮಾಡಬಲ್ಲದು, ಆದ್ದರಿಂದ ಮೊದಲ ಸ್ಕ್ಯಾನನ್ನು ಕೊನೆಯದರ ಜೊತೆ ಹೋಲಿಸಿ. ತಾಮ್ರದ ಹಾಳೆಯನ್ನೂ ಜೊತೆಗೇ ಅಳೆದು ಅದರ ಅಂಚನ್ನು 8979ಕ್ಕೆ ಕೂರಿಸಿಕೊಳ್ಳಿ. ಅರ್ಜಿಯಲ್ಲಿ ಗ್ಯಾಸ್ ಸಿಲಿಂಡರಿನ ಕಾಲಂ ತುಂಬುವುದು ಮರೆಯಬೇಡಿ, ನಾನು ಒಂದು ಸಲ ಮರೆತು ಎರಡು ದಿನ ಸುಮ್ನೆ ಕೂತಿದ್ದೆ.