ಅಪ್‌ಡೇಟ್: ಚಿನ್ನಿ ಅಟ್ಟದಿಂದ ಇಳಿದಳು

ಹೊಸ ಬೆಕ್ಕಿನ ಮರಿ ಬಂದಾಗಿನಿಂದ ನಮ್ಮ ಹಳೇ ಬೆಕ್ಕು ಚಿನ್ನಿ ಅಟ್ಟ ಹತ್ತಿ ಕೂತಿದ್ದಾಳೆ, ಮರಿ ಕಂಡರೆ ಬುಸುಗುಡುತ್ತಾಳೆ ಅಂತ ಕೇಳಿದ್ದೆನಲ್ಲ, ಈಗ ಪರವಾಗಿಲ್ಲ.

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸ ಮಾಡಿದ್ದು ಟವೆಲ್ ಉಪಾಯ, ಅಂದರೆ ಮರಿಯ ವಾಸನೆ ಚಿನ್ನಿಗೆ ಅಭ್ಯಾಸ ಮಾಡಿಸುವುದು. ಮರಿಯನ್ನು ಬೇರೆ ರೂಮಿನಲ್ಲಿಟ್ಟು, ಅದು ಮಲಗಿದ್ದ ಟವೆಲನ್ನು ಚಿನ್ನಿಯ ತಟ್ಟೆ ಹತ್ತಿರ ಹಾಕಿದೆ. ಮೊದಲು ಮೂಸಿ ಮುಖ ತಿರುಗಿಸಿದಳು. ಆಮೇಲೆ ಅದರ ಮೇಲೇ ಕೂತು ಮೀನು ತಿಂದಳು! ನಂತರ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಹಾಕಿ, ತಟ್ಟೆಗಳನ್ನು ದಿನಾ ಸ್ವಲ್ಪ ಹತ್ತಿರ ಸರಿಸಿದೆ. ಕೊನೆಗೆ ಬಾಗಿಲು ಬೆರಳಷ್ಟು ತೆರೆದಾಗ ಸಂದಿಯಿಂದ ಮರಿಯ ಪಂಜ ಬಂತು. ಚಿನ್ನಿ ಒಂದೇಟು ಕೊಟ್ಟಳು, ಆದರೆ ಉಗುರು ಹೊರಗೆ ಚಾಚಿರಲಿಲ್ಲ. ಆಗಲೇ ಧೈರ್ಯ ಬಂತು.

ಇಬ್ಬರನ್ನೂ ತೊಡೆ ಮೇಲೆ ಕೂರಿಸುವ ಸಲಹೆಯಿಂದ ನನ್ನ ಕೈಗೆ ಗೀರು ಬಿದ್ದಿದ್ದಷ್ಟೇ ಲಾಭ. ಇಬ್ಬರಿಗೂ ಒಂದೇ ವಾಸನೆ ಬರಲಿ ಅಂತ ಒಂದೇ ಪೌಡರ್ ಹಚ್ಚುವುದನ್ನು ಮಾಡಲೇ ಇಲ್ಲ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತೆ ಅಲ್ವಾ?

ಆಶ್ಚರ್ಯ ಅಂದರೆ, ಮರಿಗೆ ಲಸಿಕೆ ಹಾಕಿಸಿ ತಂದ ದಿನ ಚಿನ್ನಿ ಮತ್ತೆ ಬುಸುಗುಟ್ಟಿದಳು. ಮೈಗೆ ಆಸ್ಪತ್ರೆ ವಾಸನೆ ಅಂಟಿತ್ತು, ಗುರುತೇ ಸಿಗಲಿಲ್ಲ. ಟವೆಲಿನಿಂದ ಒರೆಸಿ, ಸ್ವಲ್ಪ ಹೊತ್ತು ಬೇರೆ ಇಟ್ಟ ಮೇಲೆ ಸರಿಹೋಯಿತು.

ಬೆಕ್ಕುಗಳ ಕಕ್ಕಸಿಗೆ ಮರಳಿನ ಡಬ್ಬ 3 ಇಟ್ಟಿದ್ದೇನೆ. ಇಬ್ಬರಿಗೆ ಜಾಸ್ತಿ ಅಂತ ಮನೆಯವರು ಗೊಣಗುತ್ತಾರೆ, ಗೊಣಗಲಿ.