ರಜನಿ ಸಿನಿಮಾ ಈಗ ಎಡವುತ್ತಿರುವುದು ವಯಸ್ಸಲ್ಲೋ, ಪಾತ್ರದಲ್ಲೋ?

ಬಾಲ್ಕನಿ_ಬಸವ:
‘ಮುಳ್ಳುಂ ಮಲರುಂ’ ಕಾಲದ ರಜನಿಯನ್ನೂ ಬಲ್ಲವರಿಗೆ ಈ ಪ್ರಶ್ನೆ. ‘ದರ್ಬಾರ್’ (2020), ‘ಅಣ್ಣಾತ್ತೆ’ (2021), ‘ವೇಟ್ಟೈಯನ್’ (2024), ‘ಕೂಲಿ’ (2025). ನಾಲ್ಕರಲ್ಲೂ ಮೊದಲ ಇಪ್ಪತ್ತು ನಿಮಿಷ ಶಿಳ್ಳೆ, ಆಮೇಲೆ ವಾಚು ನೋಡಿಕೊಳ್ಳುವ ಕೆಲಸ. ವಯಸ್ಸಾಯ್ತು ಬಿಡಿ ಅನ್ನುವ ಸಮಾಧಾನ ಒಪ್ಪಿಗೆಯಾಗುತ್ತಿಲ್ಲ. ‘ಕಾಲಾ’ದಲ್ಲಿ ಮೊಮ್ಮಕ್ಕಳಿರುವ ಅಜ್ಜನೇ ಆಗಿದ್ದರು, ಎಷ್ಟು ಚೆನ್ನಾಗಿದ್ದರು! ಹಾಗಾದರೆ ಕೈಕೊಡುತ್ತಿರುವುದು ಏನು? ‘ಬೆಂಕಿ’, ‘ಡಬ್ಬಾ’ ಎರಡೂ ಬೇಡ. ದೃಶ್ಯ ಹಿಡಿದು ಹೇಳುವವರು ಹೇಳಿ.

ರೀಲ್_ನಂಬರ್_14:
ಮೊದಲು ಹೋಗಿರುವುದು ವೇಗ. ರಜನಿ ಸ್ಟೈಲ್ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಅದೇ. ಸಿಗರೇಟು ಬಾಯಿಗೆ ಹಾರುವುದು, ಕನ್ನಡಕ ಬೆರಳಲ್ಲಿ ಸುತ್ತಿ ಕಣ್ಣಿಗೇರುವುದು, ಮಾತಿನ ಬಾಲ ನುಂಗಿ ಮುಂದಿನದಕ್ಕೆ ನೆಗೆಯುವುದು, ಎಲ್ಲವೂ ಸೆಕೆಂಡಿಗೆ 24 ಫ್ರೇಮಿನ ಮಾಮೂಲಿ ಓಟದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಈಗ ಅದೇ ಕೈಚಳಕವನ್ನು ಹೆಚ್ಚು ಫ್ರೇಮಿನಲ್ಲಿ ಹಿಡಿದು ಸ್ಲೋ ಮೋಷನ್ ಮಾಡುತ್ತಾರೆ. ಓಟದಲ್ಲಿ ಜೀವ ಇದ್ದದ್ದನ್ನು ನಿಧಾನ ಮಾಡಿದರೆ ಕೈಗೆ ಸಿಗುವುದು ಭಂಗಿ ಮಾತ್ರ. ಫೈಟಿನಲ್ಲೂ ಇದೇ ಕಥೆ. ದೂರದ ಶಾಟಿನಲ್ಲಿ ಬೆನ್ನು, ಏಟು ಬೀಳುವ ಕ್ಷಣಕ್ಕೆ ಕಟ್, ಮುಖದ ಕ್ಲೋಸಪ್, ಆಮೇಲೆ ನಾಲ್ಕು ಜನ ಹಾರಿ ಬೀಳುವುದು. ಎಪ್ಪತ್ತು ದಾಟಿದವರಿಗೆ ಹೀಗೆ ಮಾಡಬೇಕಾದದ್ದೇ, ತಪ್ಪಲ್ಲ. ಮೂವತ್ತರ ಹುಡುಗನ ಫೈಟನ್ನೇ ಬರೆದು ಅದನ್ನು ಹೀಗೆ ಮುಚ್ಚಿಡುತ್ತಾರಲ್ಲ, ತಪ್ಪು ಅಲ್ಲಿದೆ.

‘ಜೈಲರ್’ನಲ್ಲಿ (2023) ನಿರ್ದೇಶಕ ನೆಲ್ಸನ್ ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡರು. ರಜನಿಯ ಮುತ್ತುವೇಲ್ ಪಾಂಡಿಯನ್ ನಿವೃತ್ತ ಜೈಲರ್, ಮೊಮ್ಮಗನ ಯೂಟ್ಯೂಬ್ ವಿಡಿಯೋಗೆ ನೆರವಾಗುವ ತಾತ. ಮೊದಲರ್ಧದಲ್ಲಿ ಆತ ಹೆಚ್ಚು ಕದಲುವುದೇ ಇಲ್ಲ, ಸುತ್ತಲಿನವರು ಉರುಳುತ್ತಾರೆ. ಆ ಕದಲದಿರುವಿಕೆಯೇ ಭಯ ಹುಟ್ಟಿಸುತ್ತದೆ. ಇಂಟರ್ವಲ್ ಆದ ಮೇಲೆ ಕಿರೀಟ ಕದಿಯುವ ಉಪಕಥೆ ಬಂತು, ತಾತ ಕಾಣೆಯಾದ.

ಎರಡನೆಯದು ‘ಬಾಷಾ’ ಅಚ್ಚು. 1995ರಿಂದ ಎಲ್ಲರೂ ಅದರಲ್ಲೇ ಇಡ್ಲಿ ಹೊಯ್ಯುತ್ತಿದ್ದಾರೆ: ಮೇಲೆ ಸಾಧು, ಒಳಗೆ ಹುಲಿ. ಆದರೆ ‘ಬಾಷಾ’ದಲ್ಲಿ ಆಟೋ ಓಡಿಸುವ ಮಾಣಿಕ್ಕಂ ಕಂಬಕ್ಕೆ ಕಟ್ಟಿ ಹೊಡೆದರೂ ಸುಮ್ಮನಿರುತ್ತಾನೆ. ಆ ತಡೆದುಕೊಳ್ಳುವಿಕೆಗೆ ನಿರ್ದೇಶಕ ಸುರೇಶ್ ಕೃಷ್ಣ ಸಮಯ ಕೊಟ್ಟಿದ್ದರು. ಈಗ ಆರಂಭದಲ್ಲೇ ಎಂಟ್ರಿ, ಹಾಡು, ಎಲ್ಲ ಮುಗಿದಿರುತ್ತದೆ. ‘ಕೂಲಿ’ಯ ದೇವಾ ಮ್ಯಾನ್ಷನ್ (ಬಾಡಿಗೆ ಕೋಣೆಗಳ ವಸತಿಗೃಹ) ನಡೆಸುವ ಸಾಮಾನ್ಯ ಮನುಷ್ಯ ಅಂತ ನಾವು ನಂಬುವುದಕ್ಕೇ ಬಿಡುವುದಿಲ್ಲ, ಆಮೇಲೆ ಹಳೇ ಗುಟ್ಟು ಬಿಚ್ಚಿದರೆ ಬೆಚ್ಚುವವರು ಯಾರು?

ಗಲ್ಲಾಪೆಟ್ಟಿಗೆ:
ಸ್ಟೈಲು ಗಿಯ್ಲು ಆಮೇಲೆ ಗುರೂ, ಮೊದಲು ಲೆಕ್ಕ ನೋಡು. ‘ಜೈಲರ್’ಗೆ ಶಿವಣ್ಣ, ಮೋಹನ್‌ಲಾಲ್, ಜಾಕಿ ಶ್ರಾಫ್. ‘ಕೂಲಿ’ಗೆ ನಾಗಾರ್ಜುನ, ಉಪೇಂದ್ರ, ಸೌಬಿನ್, ಆಮಿರ್ ಖಾನ್. ರಾಜ್ಯಕ್ಕೊಬ್ಬರು! ಭಾಷೆಭಾಷೆಗೆ ಹಕ್ಕು ಮಾರುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಆದರೆ ಒಬ್ಬೊಬ್ಬರಿಗೂ ಎಂಟ್ರಿ ಬೇಕು, ಬಿಜಿಎಂ (ಹಿನ್ನೆಲೆ ಸಂಗೀತ) ಬೇಕು, ಒಂದು ನಡಿಗೆ ಬೇಕು. ತಲೆಗೆ ಐದೇ ನಿಮಿಷ ಅಂದರೂ ನಾಲ್ವರಿಗೆ ಇಪ್ಪತ್ತು. ಶಿವಣ್ಣ ಬಂದಷ್ಟು ಹೊತ್ತು ನಮ್ಮ ಥಿಯೇಟರ್‌ಗಳು ಕುಣಿದವು, ಅದು ಬೇರೆ ಮಾತು. ‘ಕೂಲಿ’ಯಲ್ಲಿ ಆ ನಿಮಿಷಗಳನ್ನು ಕಿತ್ತದ್ದು ಎಲ್ಲಿಂದ? ಗೆಳೆತನದಿಂದ. ಸತ್ಯರಾಜ್ ಮಾಡಿದ ರಾಜಶೇಖರ್ ಸತ್ತನೆಂದೇ ದೇವಾ ಹೊರಡುವುದು, ಆ ಸ್ನೇಹವನ್ನು ನಾಲ್ಕು ದೃಶ್ಯ ಬೆಳೆಸಿದ್ದರೆ ಸಾವು ತಟ್ಟುತ್ತಿತ್ತು. (1986ರ ‘ಮಿಸ್ಟರ್ ಭಾರತ್’ನಲ್ಲಿ ಇದೇ ಸತ್ಯರಾಜ್ ರಜನಿಗೆ ಅಪ್ಪ. ವಯಸ್ಸಲ್ಲಿ ರಜನಿಗಿಂತ ಚಿಕ್ಕವರು!)

ಸೆಕೆಂಡ್_ಶೋ:
ಮಮ್ಮುಟ್ಟಿ ಹುಟ್ಟಿದ್ದು 1951ರ ಸೆಪ್ಟೆಂಬರ್, ರಜನಿ 1950ರ ಡಿಸೆಂಬರ್. ಒಂಬತ್ತು ತಿಂಗಳ ಅಂತರ. ಆದರೂ ಮಮ್ಮುಟ್ಟಿ ಹೀರೋಗಿರಿ ಇಲ್ಲದ ‘ಕಾದಲ್’ ಮಾಡಿದರು, ಕಪ್ಪು ಬಿಳುಪಿನ ‘ಭ್ರಮಯುಗಂ’ ಮಾಡಿದರು. ಇಷ್ಟೇ ನನ್ನ ವಾದ.

ಮೈಸೂರು_ಮ್ಯಾಟಿನಿ:
ಸೆಕೆಂಡ್ ಶೋ ಅವರೇ, ‘ಕಾದಲ್’ ಮಮ್ಮುಟ್ಟಿಯವರ ಸ್ವಂತ ಕಂಪನಿಯದು. ಸಣ್ಣ ಬಜೆಟ್ಟಾದ್ದರಿಂದ ಬೆಳಗಿನ ಆರು ಗಂಟೆ ಶೋಗೆ ಪಟಾಕಿ ಹೊಡೆಯುವವರನ್ನು ನಂಬಿ ಕೂರಬೇಕಿರಲಿಲ್ಲ. ಕಲ್ಲು ಎಸೆಯುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ‘ಶಬ್ದವೇಧಿ’ (2000) ಬಂದಾಗ ಅಣ್ಣಾವ್ರಿಗೆ 70, ಪಾತ್ರ ಪೊಲೀಸ್ ಅಧಿಕಾರಿಯದು, ಜೊತೆಗೆ ಜಯಪ್ರದಾ ಅವರೊಡನೆ ಪ್ರೇಮ. ಸೀಟಿಗೆ ಒರಗಿ ನೋಡಿದವರು ನಾವೇ ಅಲ್ಲವೇ?

ರೀಲ್ 14 ಅವರ ವೇಗದ ಮಾತನ್ನು ಅರ್ಧ ಒಪ್ಪುತ್ತೇನೆ. ಮಹೇಂದ್ರನ್ ಅವರ ‘ಮುಳ್ಳುಂ ಮಲರುಂ’ನಲ್ಲಿ (1978) ರಜನಿಯ ಕಾಳಿ ವಿಂಚ್ (ಭಾರ ಎಳೆಯುವ ಯಂತ್ರ) ಆಪರೇಟರ್, ನಡುವೆ ಅವನ ಒಂದು ಕೈಯೇ ಹೋಗುತ್ತದೆ. ಸ್ಟೈಲಿನ ಸಲಕರಣೆ ಅರ್ಧ ಕಳಚಿದ ಮೇಲೆಯೇ ರಜನಿ ಅಲ್ಲಿ ನಿಜಕ್ಕೂ ಬೆಳೆಯುವುದು. ಮರುವರ್ಷದ ‘ಆರಿಲಿರುಂದು ಅರುಬದು ವರೈ’ನಲ್ಲಿ 28ರ ಹರೆಯದಲ್ಲಿ ಅರುವತ್ತರ ಮುದುಕನಾದರು. ಈಗ ಎಪ್ಪತ್ತು ದಾಟಿದವರನ್ನು ಕಂಪ್ಯೂಟರಿನಲ್ಲಿ ಎಳೆಯರಾಗಿಸಿ ಫ್ಲ್ಯಾಶ್‌ಬ್ಯಾಕ್ ಮಾಡುತ್ತಿದ್ದಾರೆ. ತಲೆಕೆಳಗಾದದ್ದು ಇದೇ.

‘ವೇಟ್ಟೈಯನ್’ ನನಗೆ ಹೆಚ್ಚು ನೋವು ಕೊಟ್ಟದ್ದು, ಏಕೆಂದರೆ ಅದರಲ್ಲಿ ವಯಸ್ಸಿಗೆ ತಕ್ಕ ಪಾತ್ರ ಸಿಕ್ಕಿತ್ತು. ಎನ್‌ಕೌಂಟರ್‌ನಲ್ಲಿ ಕೊಂದದ್ದು ನಿರಪರಾಧಿಯನ್ನು ಎಂದು ಗೊತ್ತಾದ ಅಧಿಕಾರಿ! ಆ ಅಪರಾಧಿಭಾವಕ್ಕೆ ಹತ್ತು ನಿಮಿಷ ಮೌನ ಕೊಟ್ಟಿದ್ದರೆ ಸಾಕಿತ್ತು. ನಿರ್ದೇಶಕ ಜ್ಞಾನವೇಲ್ ಕೂಡಲೇ ಕೋಚಿಂಗ್ ದಂಧೆಯ ಖಳನಾಯಕನ ಬೇಟೆಗೆ ಹೊರಟುಬಿಟ್ಟರು, ಪಾಪದ ಹೊರೆ ಪೂರ್ತಿ ಅವನ ತಲೆಗೆ ಹೋಯಿತು, ನಾಯಕ ಮತ್ತೆ ಹಗುರ. ‘ಕಾಲಾ’, ‘ಕಬಾಲಿ’ ನಿರ್ದೇಶಿಸಿದ ಪಾ. ರಂಜಿತ್ ಆ ಕೆಲಸ ಮಾಡಲಿಲ್ಲ. ‘ಕಾಲಾ’ದ ಎಂಟ್ರಿಯೇ ನೋಡಿ, ಮಕ್ಕಳ ಜೊತೆ ಕ್ರಿಕೆಟ್ ಆಡಿ ಬೌಲ್ಡ್ ಆಗುತ್ತಾರೆ. ‘ಕಬಾಲಿ’ಯಲ್ಲೂ ಗ್ಯಾಂಗ್‌ಸ್ಟರ್ ಗಲಾಟೆ ಸಾಧಾರಣ. ಹೆಂಡತಿ ಬದುಕಿದ್ದಾಳೆಂದು ತಿಳಿದು ಹುಡುಕಿಕೊಂಡು ಹೋಗುವ ಭಾಗವನ್ನಷ್ಟೇ ಮತ್ತೆ ಹಾಕಿ ನೋಡಿ, ಮುಖದಲ್ಲಿ ಆಸೆಯೂ ಅಂಜಿಕೆಯೂ ಒಟ್ಟಿಗೇ ಇವೆ.

ಬಾಲ್ಕನಿ_ಬಸವ:
ಕೈ ಹೋದ ಕಾಳಿಯ ಮಾತು ಹೊಳೆದೇ ಇರಲಿಲ್ಲ, ಮೇಷ್ಟ್ರೇ. 2018ರಲ್ಲಿ ರಜನಿಯ ಕಾವೇರಿ ಹೇಳಿಕೆಯ ಗಲಾಟೆಯಲ್ಲಿ ‘ಕಾಲಾ’ ನೋಡದೆ ಬಿಟ್ಟವರು ನಮ್ಮ ಕಡೆ ಬಹಳ ಜನ ಇದ್ದಾರೆ, ಅವರಿಗೂ ಇದನ್ನು ಕಳಿಸುತ್ತೇನೆ. ‘ಆರಿಲಿರುಂದು’ ಸಬ್‌ಟೈಟಲ್ ಸಮೇತ ಯಾವ ಆ್ಯಪ್‌ನಲ್ಲಿದೆ ಅಂತ ಗೊತ್ತಿದ್ದವರು ಹೇಳಿ. ಯೂಟ್ಯೂಬಿನ ಮಸುಕು ಪ್ರಿಂಟ್ ಬೇಡ.